ಬಾಗಿಲಾಚೆ ಮಾಲೀಕರು, ತೆರೆಯ ಮೇಲೆ ಗಿಳಿ

ಬೀಗದ ಕಂಪನಿಯ ಆಫೀಸಿನಲ್ಲಿ ಫೋನ್ ಎತ್ತುತ್ತಿದ್ದ ಹೆಂಗಸನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳಲ್ಲ. "ಕಾಗೆ ಅನ್ಲಿಲ್ವಲ್ಲ, ಅಷ್ಟೇ ಸಾಕು" ಎಂದು ನಕ್ಕುಬಿಡುತ್ತಿದ್ದಳು. ಬೀಗ ಕಚ್ಚಿಕೊಂಡಿದೆ ಎಂದು ರೇಗಾಡುತ್ತ ಫೋನ್ ಮಾಡಿದವರು, ಮಗಳಿಗೆ ಹಲ್ಲುನೋವು ಬಂದದ್ದು, ಪಕ್ಕದ ಮನೆಯವರು ಏಣಿ ಕೊಂಡುಹೋಗಿ ವಾಪಸ್ ಕೊಡದೇ ಇದ್ದದ್ದು, ಎಲ್ಲವನ್ನೂ ಅವಳ ಹತ್ತಿರ ಹೇಳಿಕೊಂಡು ಹಗುರಾಗಿ ಫೋನ್ ಇಡುತ್ತಿದ್ದರು. ಅಷ್ಟರಲ್ಲಿ ಬೀಗದ ವಿಷಯ ಇಬ್ಬರಿಗೂ ಮರೆತುಹೋಗಿ, ಅವಳೇ ಮತ್ತೆ ಫೋನ್ ಮಾಡಿ "ಅಂದ ಹಾಗೆ, ಬೀಗ ಏನಾಗಿತ್ತು?" ಎಂದು ಕೇಳಿದ್ದೂ ಉಂಟು.

ಗಂಡ ಬಸ್ ಡ್ರೈವರ್, ಬಾಯಿಬಿಟ್ಟರೆ ಡೀಸೆಲ್ ಖರ್ಚಾಗುತ್ತದೇನೋ ಎನ್ನುವಷ್ಟು ಮಿತಭಾಷಿ. ಅವನ ಪಾಲಿನ ಮಾತನ್ನೆಲ್ಲ ಮನೆಯಲ್ಲಿ ಅವಳೂ ಅತ್ತೆಯೂ ಹಂಚಿಕೊಂಡು ಆಡಿ ಮುಗಿಸುತ್ತಿದ್ದರು.

ಹೀಗಿರುವಾಗ ಕಂಪನಿಯ ಮಾಲೀಕರಿಗೆ ವೆಬಿನಾರ್ ಹುಚ್ಚು ಹಿಡಿಯಿತು. ಅಂಗಡಿಗೆ ಬಾರದ ಗಿರಾಕಿಯ ಮನೆಗೆ ನಾವೇ ಹೋಗೋಣ, ಅದೂ ಚಪ್ಪಲಿ ಮೆಟ್ಟದೆ, ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ಮೊದಲನೆಯದನ್ನು ತಾವೇ ನಡೆಸಿದರು. ವಿಷಯ: 'ಭದ್ರತೆಯ ಭವಿಷ್ಯ'. ಸ್ಲೈಡುಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ನೋಡಲು ಬಂದವರೆಂದರೆ ಆಫೀಸಿನವರು, ತಪ್ಪಿ ಬಂದ ಒಂದಿಬ್ಬರು ಮತ್ತು ಮಾಲೀಕರ ಭಾವಮೈದುನ. ಆ ಮನುಷ್ಯ ಅರ್ಧದಲ್ಲೇ ಕುರ್ಚಿಗೆ ಒರಗಿ ನಿದ್ದೆಹೋದ. ಕ್ಯಾಮೆರಾ ಆನ್ ಆಗೇ ಇತ್ತು, ಮೈಕೂ ಹಾಗೇ ಇತ್ತು. ಕೊನೆಗೆ ಮಾಲೀಕರು ಕೈಕಟ್ಟಿ ನಿಂತು "ಯಾರಿಗಾದ್ರೂ ಏನಾದ್ರೂ ಪ್ರಶ್ನೆ ಇದ್ಯಾ?" ಎಂದು ಕೇಳಿದಾಗ, ಉತ್ತರವಾಗಿ ಬಂದದ್ದು ಗರಗಸ ಎಳೆದಂಥ ಒಂದು ಗೊರಕೆ.

ಗಿಳಿ ತುಟಿ ಕಚ್ಚಿ ಹಿಡಿದಳು, ಬಾಯಿಗೆ ಕೈ ಅಡ್ಡ ಇಟ್ಟಳು, ಮೇಜಿನ ಕೆಳಗೆ ಬಗ್ಗಿದಳು. ಆದರೂ ನಗು ಒಡೆದು ಆಚೆ ಬಂತು. ಸ್ವಲ್ಪ ಹೊತ್ತಿಗೆಲ್ಲ ಮಾಲೀಕರ ಕೋಣೆಯಿಂದ ಕರೆ ಬಂತು.

"ನಕ್ಕಿದ್ದು ನೀನೇನಮ್ಮಾ?"

"ಹೌದು ಸಾರ್. ತಡಕೊಳ್ಳೋಕಾಗ್ಲಿಲ್ಲ."

ಮಾಲೀಕರು ನಿಟ್ಟುಸಿರು ಬಿಟ್ಟರು. "ಅಷ್ಟು ಹೊತ್ತೂ ಎಚ್ಚರ ಇದ್ದೋಳು ನೀನೊಬ್ಬಳೇ ಅಂತಾಯ್ತು. ಮುಂದಿನದನ್ನ ನೀನೇ ನಡೆಸು."

ಗಿಳಿಗೆ ಹೆದರಿಕೆಯಾಯಿತು. ಫೋನಿನಲ್ಲಿ ಮಾತಾಡುವುದು ಬೇರೆ, ಅಲ್ಲಿ ಮುಖ ಕಾಣುವುದಿಲ್ಲ. ಆದರೆ ಆಗುವುದಿಲ್ಲ ಎನ್ನಲು ಬಾಯಿ ತೆರೆದವಳ ಬಾಯಿಂದ "ಆಗ್ಲಿ ಸಾರ್" ಎಂಬ ಮಾತು ಜಾರಿಬಿತ್ತು.

ಮರುದಿನದಿಂದ ಫೋನ್ ಮಾಡಿದವರನ್ನೆಲ್ಲ ಅವಳು ಒಂದೇ ಪ್ರಶ್ನೆ ಕೇಳತೊಡಗಿದಳು: "ಬೀಗದ ಬಗ್ಗೆ ನಿಮಗೆ ಏನು ತಿಳ್ಕೋಬೇಕು ಅನ್ಸುತ್ತೆ?" ಭದ್ರತೆಯ ಭವಿಷ್ಯ ಒಬ್ಬರಿಗೂ ಬೇಕಿರಲಿಲ್ಲ. ಬೀಗದಕೈ ಒಳಗೇ ಉಳಿದರೆ ಏನು ಮಾಡುವುದು, ಬಾಗಿಲು ಸಿಕ್ಕಿಕೊಂಡರೆ ಯಾರನ್ನು ಕೂಗುವುದು, ಇದೇ ಎಲ್ಲರ ಸಂಕಟ. ಸರಿ, ಕಾರ್ಯಕ್ರಮಕ್ಕೆ 'ಬಾಗಿಲು ಹಾಕಿಕೊಂಡಿತು, ಈಗೇನು ಗತಿ?' ಎಂದು ಹೆಸರಿಟ್ಟಳು. ಮಾಲೀಕರ ಸ್ಲೈಡುಗಳಲ್ಲಿ ಬಹುಪಾಲನ್ನು ಅವರೆದುರೇ ಕಿತ್ತುಹಾಕಿದಳು. ಅವರು ಹಲ್ಲು ಕೀಳಿಸಿಕೊಳ್ಳುವವರಂತೆ ಕಣ್ಣುಮುಚ್ಚಿ ಕೂತಿದ್ದರು.

ಮನೆಯಲ್ಲಿ ತಾಲೀಮು ನಡೆಯಿತು. ಗಿಳಿ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಅತ್ತೆ ಮಲಗುವ ಕೋಣೆಯಲ್ಲಿ ಮಗನ ಫೋನ್ ಹಿಡಿದು.

"ಬರೀ ನಿನ್ನ ಹಣೆ ಕಾಣ್ತಿದೆ ಕಣೇ. ಹಣೆ ನೋಡೋಕೆ ಯಾರು ಬರ್ತಾರೆ?" ಅತ್ತೆ ಒಳಗಿಂದ ಕೂಗಿದಳು. ಗಿಳಿ ಲ್ಯಾಪ್‌ಟಾಪಿನ ಕೆಳಗೆ ಒಂದು ಪಾತ್ರೆ ಬೋರಲು ಹಾಕಿದಳು. "ಈಗ ಮುಖ ಬಂತು. ಆದ್ರೆ ಹಿಂದೆ ಒಗೆದ ಬಟ್ಟೆ ರಾಶಿ ಬಂದಿದೆ. ನನ್ನ ಲಂಗ ತೆಗಿ ಮೊದ್ಲು!"

ಊಟ ಮಾಡುತ್ತಿದ್ದ ಗಂಡ ತಲೆ ಎತ್ತಿ, ಆ ವಾರದ ತನ್ನ ಅತಿ ದೊಡ್ಡ ಭಾಷಣ ಮಾಡಿದ: "ಟೈಮಿಗೆ ಸರಿಯಾಗಿ ಶುರು ಮಾಡು. ಬರದೇ ಇರೋರಿಗೆ ಕಾಯ್ತಾ ನಿಂತ್ರೆ, ಹತ್ತಿದೋರು ಇಳಿದು ಹೋಗ್ತಾರೆ."

ಕಾರ್ಯಕ್ರಮದ ದಿನ ಬಂತು. ಆಫೀಸಿನ ಬೀಗದ ಮೇಸ್ತ್ರಿ ಮೀಟಿಂಗ್ ಕೋಣೆಯ ಬಾಗಿಲಿಗೆ ಕಂಪನಿಯ ಹೊಸ ಬೀಗ ಕೂರಿಸುತ್ತಿದ್ದರು. ಒಳಗಿನಿಂದ ಹಿಡಿ ತಿರುಗಿಸಿ ಭದ್ರ ಮಾಡಿಕೊಂಡರೆ ಹೊರಗಿನ ಬೀಗದಕೈ ಕೆಲಸ ಮಾಡುವುದಿಲ್ಲ, ಅದೇ ಆ ಬೀಗದ ಹೆಚ್ಚುಗಾರಿಕೆ. ಅದನ್ನು ತಾವೇ ತೋರಿಸಬೇಕೆಂದು ಹಟ ಹಿಡಿದ ಮಾಲೀಕರು, ಚಹಾದ ಕಪ್ಪು ಮತ್ತು ಇನ್ನೊಂದು ಲ್ಯಾಪ್‌ಟಾಪ್ ಹಿಡಿದು ಒಳಗೆ ಕೂತರು. "ಇನ್ನೂ ಒಂದು ಸ್ಕ್ರೂ ಬಿಗಿ ಮಾಡೋದಿದೆ ಸಾರ್" ಎಂದ ಮೇಸ್ತ್ರಿಯನ್ನು "ಆಮೇಲೆ ಮಾಡೋಣ, ಜನ ಬರೋ ಹೊತ್ತಾಯ್ತು" ಎಂದು ಆಚೆ ಸಾಗಹಾಕಿದರು.

ಗಿಳಿ ಹೊರಗಿನ ಓಣಿಯಲ್ಲಿ, ಕಡತದ ಕಪಾಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಳು. ಗಡಿಯಾರದ ಮುಳ್ಳು ಹೇಳಿದ ಹೊತ್ತಿಗೆ ಬಂದ ಕ್ಷಣವೇ ಶುರು ಮಾಡಿದಳು. ತೆರೆಯ ಮೇಲೆ ಮೂಡಿದ ಹೆಸರುಗಳಲ್ಲಿ ಎಷ್ಟೋ ಪರಿಚಿತವಾಗಿದ್ದವು. "ಅಯ್ಯೋ, ಬಂದ್ರಾ? ಏಣಿ ವಾಪಸ್ ಬಂತಾ?" ಎಂದಳು ಒಬ್ಬರಿಗೆ. ಚಾಟಿನಲ್ಲಿ ನಗುವ ಮುಖಗಳು ಪುಟಿದವು. ಅವಳ ಹೆದರಿಕೆ ಎಲ್ಲಿಗೆ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಬೀಗ ತೋರಿಸುವ ಸರದಿ ಬಂತು. ಮಾಲೀಕರು ಬಾಗಿಲು ಹಾಕಿಕೊಂಡು, ಠೀವಿಯಿಂದ ಹಿಡಿ ತಿರುಗಿಸಿದರು. ಕಟ್ಟೆಂದು ಸದ್ದಾಯಿತು. ಹೊರಗೆ ಮೇಸ್ತ್ರಿ ಬೀಗದಕೈ ಹಾಕಿ ತಿಣುಕಿದರು. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. "ನೋಡಿದ್ರಾ! ಈಗ ತೆಗೀತೀನಿ" ಎಂದು ಮಾಲೀಕರು ಮತ್ತೆ ಹಿಡಿಗೆ ಕೈ ಹಾಕಿದರು. ಹಿಡಿ ಅವರ ಕೈಗೇ ಬಂತು.

ತೆರೆಯ ಮೇಲೆ, ಹಿತ್ತಾಳೆಯ ಹಿಡಿಯನ್ನು ಮಾವಿನಕಾಯಿಯಂತೆ ಹಿಡಿದು ನಿಂತ ಮಾಲೀಕರನ್ನು ಎಲ್ಲರೂ ಕಂಡರು.

"ಇದೂ ಪಾಠದಲ್ಲಿ ಇದ್ಯಾ?" ಎಂದು ಯಾರೋ ಚಾಟಿನಲ್ಲಿ ಬರೆದರು.

"ಬಾಗಿಲು ಒಡೀರಿ ಮೇಸ್ತ್ರೀ!" ಎಂದು ಮಾಲೀಕರು ಕೂಗಿದರು.

"ಒಡೆಯೋದಾ? ನನ್ನ ಕೈಯಾರೆ ಕೂರಿಸಿದ ಬೀಗನಾ? ಅದು ಅಷ್ಟು ಸುಲಭಕ್ಕೆ ಬಗ್ಗಲ್ಲ ಸಾರ್" ಎಂದರು ಮೇಸ್ತ್ರಿ. ಅವರ ದನಿಯಲ್ಲಿ ಗಾಬರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಅಷ್ಟರಲ್ಲಿ ಎಲ್ಲರ ಕಿವಿಗೂ ಬೀಳುವಂತೆ ಇನ್ನೊಂದು ದನಿ ಮೊಳಗಿತು: "ಪಾಪ, ಆ ಮನುಷ್ಯ ಬೆವೀತಿದ್ದಾನೆ. ಫ್ಯಾನ್ ಹಾಕ್ಕೊಳ್ಳೋಕೆ ಹೇಳೇ!" ಮನೆಯಿಂದ ನೋಡುತ್ತಿದ್ದ ಅತ್ತೆ ಮ್ಯೂಟ್ ಮಾಡುವುದನ್ನು ಮರೆತಿದ್ದಳು.

ಗಿಳಿ ಇನ್ನು ನಗು ತಡೆಯುವ ಗೋಜಿಗೇ ಹೋಗಲಿಲ್ಲ. ಮನಸಾರೆ ನಕ್ಕು, ಕಣ್ಣೊರೆಸಿಕೊಂಡು, "ಸಾರ್, ಮೊದ್ಲು ಫ್ಯಾನ್ ಹಾಕ್ಕೊಳ್ಳಿ" ಎಂದಳು. ಆಮೇಲೆ ಜನರ ಕಡೆ ತಿರುಗಿದಳು. "ನೋಡಿ, ಇವತ್ತಿನ ವಿಷಯಾನೇ ಇದು. ಬಾಗಿಲು ಹಾಕಿಕೊಂಡಿದೆ, ಈಗೇನು ಗತಿ? ನಿಮ್ಮಲ್ಲಿ ಯಾರಾದ್ರೂ ಹೀಗೆ ಸಿಕ್ಕಿಹಾಕಿಕೊಂಡಿದ್ದೀರಾ? ಕೈ ಎತ್ತಿ."

ತೆರೆಯ ತುಂಬ ಕೈಗಳು ಎದ್ದವು. ಚಾಟು ಹುಚ್ಚುಹೊಳೆಯಂತೆ ಓಡತೊಡಗಿತು. ಕೆಲವರು ಮನೆಮಂದಿಯನ್ನೆಲ್ಲ ಕೂಗಿ ಕರೆದು ಕೂರಿಸಿಕೊಂಡರು. ಒಬ್ಬ ದರ್ಜಿ ಸೋಪು ಹಚ್ಚಿ ಎಂದ. ಇನ್ನೊಬ್ಬರು ಕಿಟಕಿಯಿಂದ ಹಾರಿ ಎಂದರು. ಮಾಲೀಕರು ಕಿಟಕಿಯನ್ನೂ ತಮ್ಮ ಹೊಟ್ಟೆಯನ್ನೂ ಒಮ್ಮೆ ನೋಡಿ ತಲೆಯಾಡಿಸಿದರು. ಆಗ ಶಾಲೆಯೊಂದರ ಅಡುಗೆಯಾಕೆ ಮಾತಾಡಲು ಅವಕಾಶ ಕೇಳಿದಳು. ಗಿಳಿ ಅವಳ ಮೈಕ್ ತೆರೆದಳು.

"ಹಿಡಿ ಕಿತ್ತುಬಂದ ಜಾಗದಲ್ಲಿ ಚೌಕದ ತೂತು ಕಾಣ್ತಿದ್ಯಾ? ನಮ್ಮ ಬಚ್ಚಲಮನೇಲಿ ನಂಗೂ ಹೀಗೇ ಆಗಿತ್ತು. ಚಹಾದ ಕಪ್ಪಲ್ಲಿ ಚಮಚ ಇದ್ಯಲ್ಲ, ಅದರ ಬಾಲ ತುರುಕಿ ತಿರುಗಿಸಿ."

ಮಾಲೀಕರು ಚಮಚ ನೆಕ್ಕಿ ಒಣಗಿಸಿ, ಬಾಲವನ್ನು ತೂತಿಗೆ ತೂರಿಸಿದರು. "ಎಡಕ್ಕೆ!" ಎಂದು ಕೆಲವರು, "ಬಲಕ್ಕೆ!" ಎಂದು ಕೆಲವರು. "ಎಡಕ್ಕೇ ಸಾರ್" ಎಂದು ಮೇಸ್ತ್ರಿ ಹೊರಗಿನಿಂದ ತೀರ್ಪು ಕೊಟ್ಟರು. ಚಮಚ ಒಂದಿಷ್ಟು ಬಾಗಿತು. ಕಟ್ಟೆಂದು ಸದ್ದಾಯಿತು. ಬಾಗಿಲು ತೆರೆದು ಮಾಲೀಕರು ಕಪ್ ಗೆದ್ದವರಂತೆ ಹಿಡಿಯನ್ನು ತಲೆಯ ಮೇಲೆ ಎತ್ತಿಕೊಂಡು ಆಚೆ ಬಂದರು. ಚಪ್ಪಾಳೆಯ ಅಬ್ಬರಕ್ಕೆ ಲ್ಯಾಪ್‌ಟಾಪಿನ ಸ್ಪೀಕರ್ ಕಿರುಚಿತು.

"ಬೀಗದ್ದು ತಪ್ಪಿಲ್ಲ" ಎಂದರು ಮಾಲೀಕರು, ಕ್ಯಾಮೆರಾದ ತೀರಾ ಹತ್ತಿರ ಮುಖ ತಂದು. "ಸ್ಕ್ರೂ ಬಿಗಿ ಮಾಡೋಕೆ ಬಿಡದೇ ಇದ್ದ ನನ್ನ ಅವಸರದ್ದು." ಅಷ್ಟು ಹೇಳಿ ಅವರೂ ನಗತೊಡಗಿದರು. ಮೇಸ್ತ್ರಿ ಅಲ್ಲೇ ಸ್ಕ್ರೂ ಬಿಗಿ ಮಾಡಿ, ಎಲ್ಲರೆದುರು ಹಿಡಿಯನ್ನು ಎಳೆದೆಳೆದು ತೋರಿಸಿದರು. ಮುಗಿಸೋಣವೆಂದರೆ ಜನ ಹೋಗಲೊಲ್ಲರು. ತಾವು ಸಿಕ್ಕಿಹಾಕಿಕೊಂಡ ಕಥೆ ಹೇಳದೆ ಒಬ್ಬರೂ ಕದಲಲಿಲ್ಲ.

ಸಂಜೆ ಗಿಳಿ ಗಂಡನ ಬಸ್ಸು ಹತ್ತಿ, ಅವನ ಹಿಂದಿನ ಸೀಟಿನಲ್ಲಿ ಕೂತು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅವಳಿಗೆ ಅನುಮಾನವಾಗಿತ್ತು. ಕನ್ನಡಿಯಲ್ಲಿ ಗಂಡನ ಹೆಗಲು ನಗುವಿಗೆ ಕುಣಿಯುವುದು ಕಾಣುತ್ತಿತ್ತು. ಹಿಂದೆ ಕೂತಿದ್ದ ಅಪರಿಚಿತ ಮುದುಕರೊಬ್ಬರು ತಮ್ಮ ಸ್ಟಾಪು ಬಂದರೂ ಇಳಿಯದೆ, "ಚಮಚ ಬಾಗಿತು ಅಂದ್ಯಲ್ಲ, ಆಮೇಲೆ?" ಎಂದು ಕೇಳಿದರು.

ಈಗ ಪ್ರತಿ ತಿಂಗಳೂ ಗಿಳಿಯ ಕಾರ್ಯಕ್ರಮ ಇರುತ್ತದೆ. ಫೋನ್ ಎತ್ತಲು ಬೇರೆಯವರು ಬಂದಿದ್ದಾರೆ. ಅಡುಗೆಯಾಕೆ ಖಾಯಂ ಅತಿಥಿ. ಚಾಟ್ ನೋಡಿಕೊಳ್ಳುವ ಕೆಲಸ ಅತ್ತೆಯದು. ಯಾರಾದರೂ ಅಡ್ಡಾದಿಡ್ಡಿ ಬರೆದರೆ "ಬಾಯಿ ತೊಳ್ಕೊಂಡು ಬಾ ಮಗಾ" ಎಂದು ಉತ್ತರ ಹಾಕುತ್ತಾಳೆ. ಮೊನ್ನೆ ಆಕೆ ಮಾಲೀಕರಿಗೇ ನೇರ ಫೋನ್ ಮಾಡಿ, ತನಗೊಂದು ಕೆಂಪು ಹೆಡ್‌ಫೋನ್ ಬೇಕೆಂದು, ಬಣ್ಣ ಬೇರೆ ಆದರೆ ತಾನು ಬರುವುದಿಲ್ಲವೆಂದು ಹೇಳಿದ್ದಾಳೆ. ಮಾಲೀಕರು ಅಂಗಡಿ ಅಂಗಡಿ ಸುತ್ತುತ್ತಿದ್ದಾರೆ.