ದೊಡ್ಡ ಪೆಟ್ಟಿಗೆಯಲ್ಲಿ ಮುಳುಗಿದ ಹೆಸರು

ಚೀಲದ ಜಿಪ್ ಎಳೆದೊಡನೆ ಲವಂಗದ ವಾಸನೆ ಬಂತು. ಅಥಣಿ ರಸ್ತೆಯ ನಮ್ಮ ಮನೆಗೆ ಮೊನ್ನೆ ಕಾಲೇಜು ಓದುವ ಹುಡುಗಿಯೊಬ್ಬಳು ಗಿಟಾರ್ ಹೆಗಲಿಗೇರಿಸಿಕೊಂಡು ಬಂದಿದ್ದಳು, ಯಾವ ಮಾಡೆಲರ್ ಕೊಳ್ಳಲಿ ಎಂದು ಕೇಳುವುದಕ್ಕೆ. ಗಿಟಾರಿನ ದನಿ ಹಿಗ್ಗಿಸುವ ದೊಡ್ಡ ದೊಡ್ಡ ಆಂಪ್‌ಗಳ ದನಿಯನ್ನೆಲ್ಲ ಅನುಕರಿಸುವ ಡಿಜಿಟಲ್ ಪೆಟ್ಟಿಗೆ ಅದು. ನನ್ನ ಹಳೆಯ ಸಣ್ಣ ಪೆಟ್ಟಿಗೆಯನ್ನು ತೋರಿಸೋಣವೆಂದು ಚೀಲ ತೆಗೆದಿದ್ದೆ. ಆ ಚೀಲದಲ್ಲಿ ಲವಂಗದ ಪೊಟ್ಟಣ ಇಡುತ್ತಿದ್ದವರು ಕಾಕಾ.

ಕಾಕಾ ನನಗೆ ಸಂಬಂಧಿಯಲ್ಲ. ಮದುವೆಗಳಲ್ಲಿ ಬಾರಿಸುವ ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಗಿಟಾರ್, ಅವರು ಅನೌನ್ಸರ್. ನಾವು ಬಾರಿಸುತ್ತಿರುವಾಗಲೇ ಅವರು ಮೈಕ್ ಹಿಡಿದು, ಬಂದ ಬೀಗರನ್ನು ಊರು, ಹೆಸರು, ಮನೆತನ ಸಮೇತ ಸ್ವಾಗತಿಸುತ್ತಿದ್ದರು. ನಮ್ಮ ಕಡೆ ಊಟ ತಡವಾದರೆ ಜನ ಸಹಿಸುತ್ತಾರೆ. ಮೈಕಿನಲ್ಲಿ ತಮ್ಮ ಹೆಸರು ಬರದಿದ್ದರೆ ಸಹಿಸುವುದಿಲ್ಲ. ಕಾಕಾ ಗಂಟಲಿಗೆಂದು ತಂದ ಲವಂಗವನ್ನು ಮಾತ್ರ ನನ್ನ ಚೀಲಕ್ಕೇ ತುರುಕುತ್ತಿದ್ದರು. ಅವರ ಕಿಸೆಯಲ್ಲಿದ್ದರೆ ತಬಲಾದವನು ಖಾಲಿ ಮಾಡುತ್ತಿದ್ದನಂತೆ.

ಇಬ್ಬರು ಹೊರಬೇಕಾಗಿದ್ದ ನನ್ನ ಹಳೆಯ ಆಂಪ್ ಬಬಲೇಶ್ವರದ ಒಂದು ಮದುವೆಯಲ್ಲಿ ಹೊಗೆಯಾಡಿ ಕೈಕೊಟ್ಟಾಗ, ಪರೀಕ್ಷೆಗೆಂದು ಎರಡು ಮಾಡೆಲರ್ ತಂದೆ. ಒಂದು ಸೊಲ್ಲಾಪುರದ ಗೆಳೆಯನದು. ಮುಟ್ಟಿದರೆ ಬೆಳಗುವ ಪರದೆ, ಎಣಿಸಲಾಗದಷ್ಟು ದನಿ, ಕೇಳಿದರೆ ಎದೆ ಒಡೆಯುವ ಬೆಲೆ. ಇನ್ನೊಂದು ಅಂಗೈಯಗಲದ ಅಗ್ಗದ ಪೆಟ್ಟಿಗೆ, ಮೇಲೆ ನಾಲ್ಕಾರು ತಿರುಗುಗುಂಡಿ. ಹೆಡ್‌ಫೋನ್ ಹಾಕಿ ಕೇಳಿದರೆ ಹೋಲಿಕೆಯೇ ಇಲ್ಲ. ದೊಡ್ಡದರಲ್ಲಿ ತಂತಿಯನ್ನು ಮೆಲ್ಲಗೆ ಮೀಟಿದರೆ ಪಿಸುಮಾತು, ಜೋರಾಗಿ ಮೀಟಿದರೆ ಗುಡುಗು. ಸಣ್ಣದರ ದನಿ ನೀರು ಹೆಚ್ಚಾದ ಮಜ್ಜಿಗೆ. ಕಾಕಾ ಕೂಡ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು.

“ಇದರಾಗ ಆನಿ ಕುಂತೈತಿ, ಅದರಾಗ ಆಡು,” ಎಂದರು. “ಆನಿನ ತಗೋಳೋ ಯಪ್ಪಾ.”

ಆನೆಯನ್ನೇ ಕಾಖಂಡಕಿಯ ಮದುವೆಗೆ ಒಯ್ದೆವು. ಏನು ದನಿ ಅಂತೀರಿ! ಪೆಂಡಾಲಿನ ಕಂಬಗಳು ಕೂಡ ತಲೆದೂಗುವಂತಿತ್ತು. ಅದರ ಅಬ್ಬರದಲ್ಲಿ ಕಾಕಾ ಕೂಗಿದ ಒಂದು ಹೆಸರು ಮುಳುಗಿಹೋಯಿತು. ಮುಳುಗಿದ್ದಾದರೂ ಯಾರದು... ವರನ ಸೋದರಮಾವನದು! ಆತ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೇ ಬಿಟ್ಟ.

“ನಮ್ಮ ಹೆಸರ ಇಲ್ಲದ ಮದಿವ್ಯಾಗ ನಮ್ದೇನ್ ಕೆಲಸ?”

ಬೀಗರೆಲ್ಲ ಹಿಂದೆ ಓಡಿದರು. ಕಾಕಾ ಎಲ್ಲರಿಗಿಂತ ಮುಂದೆ ಓಡಿ ಅಡ್ಡ ನಿಂತರು. ನನ್ನ ಗಿಟಾರಿನ ಮೇಲೆ ತಪ್ಪು ಹೊರಿಸಬಹುದಿತ್ತು, ಹೊರಿಸಲಿಲ್ಲ. “ದೊಡ್ಡ ಹೆಸರು ಕಡೀಕ ಇಟ್ಟಿದ್ನಿರಿ ಮಾವಾರ. ಬರ್ರಿ, ಹಾಡ ನಿಂದ್ರಿಸಿ ಹೇಳ್ತೇನಿ,” ಎಂದು ಕೈಹಿಡಿದು ಕರೆತಂದರು. ಆಮೇಲೆ ಮಾವನ ಹೆಸರು, ಅವನ ಅಪ್ಪನ ಹೆಸರು, ಅಜ್ಜನ ಹೆಸರು, ಕೊನೆಗೆ ಅವನ ಎತ್ತುಗಳ ಹೆಸರನ್ನೂ ಮೈಕಿನಲ್ಲಿ ಹೇಳಿದರು. ಮಾವ ಮೀಸೆಯಲ್ಲೇ ನಕ್ಕು, ಕುಳಿತು, ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡ.

ನಾವೆಲ್ಲ ನಗುತ್ತಿದ್ದೆವು. ಸಾಮಾನು ಟೆಂಪೊಗೆ ಏರಿಸುವಾಗ ಆರ್ಕೆಸ್ಟ್ರಾದ ಮಾಲೀಕರು ನನ್ನ ಕಿವಿಯಲ್ಲಿ ಹೇಳಿದರು: “ಕಾಕಾರ ದನಿ ಸಣ್ಣಾಗೇತಿ. ಬರೋ ಸೀಜನ್ನಿಗೆ ಹೊಸಬನ್ನ ನೋಡೂಣು.” ಟೆಂಪೊದ ಆಚೆ ಬದಿಯಲ್ಲಿ ನಿಂತಿದ್ದ ಕಾಕಾರಿಗೆ ಅದು ಕೇಳಿಸಿತ್ತು. ವಿಜಯಪುರ ಮುಟ್ಟುವವರೆಗೂ ಅವರು ನನ್ನ ಚೀಲದಿಂದ ಒಂದೊಂದೇ ಲವಂಗ ತೆಗೆದು ಅಗಿಯುತ್ತ ಕುಳಿತರು. ನನಗೆ ತುಂಬ ಸಂಕಟವಾಯಿತು.

ಮನೆಗೆ ಬಂದು ಯೋಚಿಸಿದೆ. ಗಿಟಾರಿನ ತುಂಬಿದ ದನಿ ಇರುವುದು ಮನುಷ್ಯನ ಮಾತು ಇರುವ ನಡುಸ್ವರದ ಮಟ್ಟದಲ್ಲೇ; ಎರಡೂ ಒಟ್ಟಿಗೆ ಬಂದರೆ ಜೋರಾದದ್ದು ಇನ್ನೊಂದನ್ನು ನುಂಗುತ್ತದೆ. ಒಂದೇ ಕಂಬಳಿಯನ್ನು ಇಬ್ಬರು ಎಳೆದ ಹಾಗೆ ಆಗಿತ್ತು ನಮ್ಮ ಕಥೆ. ಸಣ್ಣ ಪೆಟ್ಟಿಗೆಯಲ್ಲಿ ಆ ಮಟ್ಟವೇ ಟೊಳ್ಳು, ಮಾತಿಗೆ ಜಾಗ ಉಳಿಯುತ್ತದೆ. ದೊಡ್ಡದರಲ್ಲೂ ಆ ಭಾಗವನ್ನು ಕತ್ತರಿಸಬಹುದಿತ್ತು, ನಿಜ. ಆದರೆ ಆನೆ ಕೊಂಡು ಸೊಂಡಿಲು ಕಟ್ಟಿಡುವುದಕ್ಕೆ ಅಷ್ಟು ದುಡ್ಡು ಯಾರು ಕೊಡುತ್ತಾರೆ?

ಮುಂದಿನ ಮದುವೆ ತಿಕೋಟಾದಲ್ಲಿ. ಆಡನ್ನು ಕರೆದೊಯ್ದೆ. ಬರೀ ಗಿಟಾರ್ ಕೇಳಿದರೆ ಬಡಕಲು. ಹಾಡಿನ ಜೊತೆ ಸೇರಿದರೆ ಹದವಾಗಿತ್ತು. ಕಾಕಾ ಅಳುಕುತ್ತಲೇ ಮೊದಲ ಹೆಸರು ಕೂಗಿದರು. ಒಲೆಯ ಮುಂದಿದ್ದ ಅಡುಗೆಯವರೂ ತಲೆಯೆತ್ತಿ ನೋಡಿದರು. ಎರಡನೆಯ ಹೆಸರಿಗೆ ಅವರ ಎದೆ ಉಬ್ಬಿತು. ಮಾಲೀಕರು ಹೊಸಬನ ಸುದ್ದಿ ಮತ್ತೆ ಎತ್ತಲಿಲ್ಲ.

ಊಟಕ್ಕೆ ಕುಳಿತಾಗ ಕಾಕಾ ಕೇಳಿದರು: “ನನ್ನ ಸಲುವಾಗಿ ಆಡು ತಂದಿ ಏನಲೇ?”

“ಇಲ್ರಿ ಕಾಕಾ, ಕಿಸೆದ ಸಲುವಾಗಿ,” ಎಂದೆ.

“ಸುಳ್ಳು ಹೇಳಾಕೂ ಆಂಪ್ ಬೇಕು ನೋಡ್ ನಿನಗ, ದನಿನ ಏಳವಲ್ತು,” ಎಂದು ತಮ್ಮ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದರು.

ಕೊನೆಯವರೆಗೂ ಕಾಕಾ ಮೈಕ್ ಬಿಡಲಿಲ್ಲ. ಹೋದ ವರ್ಷ, ಮದುವೆಗಳೆಲ್ಲ ಮುಗಿದ ಮೇಲೆ ತೀರಿಕೊಂಡರು... ಈಗಿನ ಅನೌನ್ಸರನದು ಕಂಚಿನ ಕಂಠ, ಯಾವ ಆಂಪಿಗೂ ಜಗ್ಗುವುದಿಲ್ಲ. ನಾನೂ ದೊಡ್ಡ ಮಾಡೆಲರ್ ಕೊಂಡಿದ್ದೇನೆ.

“ಹಂಗಾರ ಯಾವ್ದು ಛಲೋರಿ ಸರ್?” ಗಿಟಾರ್ ತಂದಿದ್ದ ಹುಡುಗಿ ಕೇಳಿದಳು.

“ದೊಡ್ಡದವಾ. ಅದರಾಗ ಅನುಮಾನ ಇಲ್ಲ.”

ಸುಳ್ಳಲ್ಲ. ಕಳೆದ ವಾರ ತೊರವಿಯ ಮದುವೆಯಲ್ಲಿ ಪೂರ್ತಿ ದನಿಯಲ್ಲಿ ಬಾರಿಸಿದೆ. ಒಂದು ಹೆಸರೂ ಮುಳುಗಲಿಲ್ಲ. ನಾನು ಯಾರಿಗೂ ಜಾಗ ಬಿಡಬೇಕಾಗಿರಲಿಲ್ಲ. ಜನ ಬಂದು ಗಿಟಾರ್ ಬಹಳ ಚೆನ್ನಾಗಿ ಕೇಳಿಸಿತೆಂದು ಹೊಗಳಿದರು. ಕಾಕಾರಿಗೆ ಜಾಗ ಬಿಟ್ಟು ಬಾರಿಸಿ ರೂಢಿಯಾದ ನನಗೇ ಅದು ಹಿಡಿಸಲಿಲ್ಲ.