ವೀರಬಸಪ್ಪನವರ ಊದುಬತ್ತಿ

ಅಟ್ಟೂರಿನಲ್ಲಿ ಗೇಟು, ಗ್ರಿಲ್ಲು ಮಾಡುವ ಶೆಡ್ಡೊಂದರ ಮೇಸ್ತ್ರಿ, ಬಾಗಲಕೋಟೆ ಕಡೆಯ ವೀರಬಸಪ್ಪ, ಬೆಳಿಗ್ಗೆ ಊದುಬತ್ತಿ ಹಚ್ಚುವುದು ದೇವರಿಗಲ್ಲ, ವೆಲ್ಡಿಂಗ್ ಹೊಗೆಯನ್ನು ಎಳೆದು ಹೊರಗೆ ಬಿಡುವ ಪೈಪಿಗೆ. ಪೈಪಿನ ಬಾಯಿ ಬತ್ತಿಯ ಹೊಗೆಯನ್ನು ಸರಕ್ಕನೆ ನುಂಗಿದರೆ ಮಾತ್ರ ಕೆಲಸ ಶುರು. ಹೊಗೆ ಒಂಚೂರು ಅಡ್ಡಾಡಿತೋ, ಇಂದ್ರಲೋಕದ ಗೇಟೇ ಆದರೂ ಕಾಯಬೇಕು. “ಮೇಲೆ ಫ್ಯಾನ್ ತಿರುಗ್ತೈತಲ್ಲಣ್ಣ” ಎಂದು ವೆಲ್ಡರ್ ನಿರಂಜನ್ ರಾಗ ಎಳೆದರೆ, “ಫ್ಯಾನ್ ಹೊಗಿ ಓಡ್ಸೂದಿಲ್ಲೋ ತಮ್ಮಾ, ಎಲ್ಲಾರಿಗೂ ಹಂಚತೈತಿ” ಎಂಬ ಉತ್ತರ ಸಿದ್ಧ. ಬೆಲ್ಲ ತಿಂದರೆ ಎದೆಯೊಳಗಿನ ಹೊಗೆ ಕರಗುತ್ತದೆಂದು ಸಂಜೆ ಯಾರಾದರೂ ಡಬ್ಬಿ ತೆಗೆದರಂತೂ ಮೇಸ್ತ್ರಿಯ ಪಿತ್ತ ನೆತ್ತಿಗೇರುತ್ತದೆ: “ಬೆಲ್ಲ ಹೋಳಿಗಿಗೆ ಇಡ್ರಲೇ! ಹೊಗಿ ಮಾರಿ-ಮೂಗಿಗೆ ಬಡಿಯೂಕಿಂತ ಮೊದ್ಲ ಪೈಪಿಗೆ ಹೋಗ್ಬೇಕು.” ಪೈಪಿನ ಬಾಯನ್ನು ಬೆಸುಗೆಯಿಂದ ಗೇಣು ದೂರಕ್ಕೆ, ಎಳೆಗೂಸಿನ ಕತ್ತಿಗೆ ಕೈ ಆನಿಸಿದಷ್ಟು ಜೋಪಾನವಾಗಿ ತಿರುಗಿಸಿಟ್ಟ ಮೇಲೆಯೇ ಅವರಿಗೆ ಚಹಾ ಗಂಟಲಲ್ಲಿ ಇಳಿಯುವುದು. ಊದುಬತ್ತಿ ಮಾತ್ರ ದಿನಕ್ಕೊಂದು ಪರಿಮಳದ್ದು. ಅದನ್ನು ನಿರಂಜನನ ಮೂಗಿನ ಹತ್ತಿರ ಹಿಡಿದು, “ಇವತ್ತ ಯಾವ್ದೋ?” ಎನ್ನುತ್ತಾರೆ. “ಮಲ್ಲಿಗೆ ಕಣಣ್ಣ” ಎನ್ನುತ್ತಾನೆ ಅವನು. ಪೈಪಿಲ್ಲದ ಶೆಡ್ಡುಗಳ ಹೊಗೆಯಲ್ಲೇ ಹರೆಯ ಕಳೆದ ವೀರಬಸಪ್ಪನವರ ಮೂಗಿಗೆ ಈಗ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. “ನಿನಗ ವಾಸನಿ ಬಂತಲ್ಲ, ಸಾಕು” ಎಂದು ಬತ್ತಿ ಆರಿಸುತ್ತಾರೆ, “ಚಾಲೂ ಮಾಡು.”