ಡಾಕ್ಟರು ಹೇಳಿದ ಉಳಿದರ್ಧ

ಸರೋಜ, ನಿನಗೆ ಹೇಳಿ ಎಂದು ಡಾಕ್ಟರು ಹೇಳಿದ ಮಾತನ್ನು ನಾನು ನಿನಗೆ ಹೇಳಲಿಲ್ಲ. ಮರೆತು ಅಲ್ಲ — ಬೇಕೆಂದೇ. ಎಪ್ಪತ್ತರ ದಶಕದಿಂದ ಇಲ್ಲಿಯವರೆಗೆ, ನಿನ್ನ ಗಂಡನಾಗಿ, ನೀನು ಬಡಿಸಿದ್ದನ್ನು ಉಂಡುಕೊಂಡು, ಹೇಳಲಿಲ್ಲ.

ನಮ್ಮ ಮಗಳು ಹುಟ್ಟಿದಾಗ ಮೇಲಿನ ವಸಡಿನಲ್ಲಿ ಅವರೆಕಾಳಿನಷ್ಟು ಕೆಂಪು ಗಂಟು. ಮೊಲೆ ಹಿಡಿಯಲಾರದೆ ಕೂಸು ಕಿರುಚುತ್ತಿತ್ತು; ನೀನು ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುತ್ತಿದ್ದೆ. ನಮ್ಮವ್ವ ಅಂದೇ ತೀರ್ಪು ಕೊಟ್ಟುಬಿಟ್ಟಳು: "ಬಸ್ರೀಲಿ ಆಲೆಮನೆ ಬಿಸಿಬೆಲ್ಲ ಕದ್ದು ತಿಂದವ್ಳೆ. ಆ ಉಸ್ಣನೇ ಮಗೀಗೆ ಗಂಟಾಗೈತೆ ಕಣ್ಲಾ."

ಬೆಲ್ಲ ತಂದುಕೊಟ್ಟವನು ನಾನು. ನೀನು ಆಸೆಪಟ್ಟೆಯೆಂದು, ಕಬ್ಬಿನ ಫಾರಂನಲ್ಲಿ ಕೆಲಸ ಮುಗಿಸಿ ಬರುವಾಗ ಬಾಳೆಲೆಯಲ್ಲಿ ಕಟ್ಟಿಸಿಕೊಂಡು — ಆ ಎಲೆ ಅವ್ವನ ಕಣ್ಣಿಗೆ ಬಿತ್ತು. ನೀನು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಎಂಥ ಗಂಡಸು ನೋಡು!

ಮಂಡ್ಯದ ಡಾಕ್ಟರು ಹತ್ತು ನಿಮಿಷದಲ್ಲಿ ಗಂಟು ಕತ್ತರಿಸಿ ತೆಗೆದರು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದು ಅಂದರು: "ಇದು ಕೆಟ್ಟ ಗಂಟಲ್ಲ. ತಾಯಿ ಏನೋ ತಿಂದದ್ದರಿಂದ ಬಂದದ್ದೂ ಅಲ್ಲ. ಆಕೆ ಕೊರಗ್ತಿದಾರೆ, ಮೊದಲು ಇದನ್ನ ಹೇಳಿ."

ಹೊರಗೆ ಬಂದೆ. ನೀನು ನನ್ನ ಮುಖ ನೋಡಿದೆ. ಪಕ್ಕದಲ್ಲೇ ಅವ್ವ. "ವಾಸಿಯಾಗುತ್ತಂತೆ" ಎಂದೆ — ಅಷ್ಟೇ. ಉಳಿದದ್ದನ್ನು ಹೇಳಿದ್ದರೆ ಹೆಂಡತಿ ಪರ ವಹಿಸಿದ ಅನ್ನಿಸಿಕೊಳ್ಳಬೇಕಿತ್ತು. ಬೆಲ್ಲ ತಂದವರು ಯಾರೆಂಬ ಮಾತೂ ಏಳುತ್ತಿತ್ತು. ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಆಮೇಲೆ, ಅವ್ವ ಇರುವವರೆಗೆ ಬೇಡ ಎಂದುಕೊಂಡೆ. ಅವ್ವ ಹೋಗಿ ಎಷ್ಟು ವರ್ಷವಾಯಿತು —

ಮೂರನೇ ದಿನಕ್ಕೆ ಕೂಸು ಮೊಲೆ ಹಿಡಿಯಿತು. ನೀನು ಮಾತ್ರ ಎರಡನೆಯದು ಬೇಡವೇ ಬೇಡ ಎಂದೆ. "ನನ್ನ ಬಾಯಿಚಪಲಕ್ಕೆ ಇನ್ನೊಂದು ಕೂಸು ನರಳೋದು ಬ್ಯಾಡ." ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಗಂಡುಮಗು ಬೇಕೆಂದು ನಿನ್ನ ಮೇಲೆ ಮುನಿಸಿಕೊಂಡೆ. ಅದೂ ನಾನೇ.

ಕಳೆದ ವಾರ ನಮ್ಮ ಪಕ್ಕದ ಮನೆಯ ಕೂಸಿಗೂ ಅಂಥದೇ ಗಂಟು. ಲೇಸರಿನಲ್ಲಿ ತೆಗೆದರಂತೆ, ರಕ್ತವೂ ಅಷ್ಟಾಗಿ ಬರಲಿಲ್ಲವಂತೆ. ಇದರಲ್ಲಿ ನಿಮ್ಮ ತಪ್ಪೇನಿಲ್ಲ ಎಂದು ಡಾಕ್ಟರು ತಾಯಿಗೇ ನೇರವಾಗಿ ಹೇಳಿದರಂತೆ. ಅದನ್ನು ಕೇಳಿಸಿಕೊಂಡು ಬಂದ ನೀನು ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ನಿಂತೆ.

"ಅವತ್ತು ನಮ್ ಡಾಕ್ಟ್ರೂ ಇಂಗೇ ಅಂದಿದ್ರಾ?"

"ನೆನಪಿಲ್ಲ ಕಣೆ" ಎಂದೆ.

ನೆನಪಿದೆ, ಸರೋಜ. ಒಂದೊಂದು ಮಾತೂ ನೆನಪಿದೆ. ಈ ಕಾಗದವನ್ನು ನಿನ್ನ ಕೈಗಿತ್ತು ನಾನು ಆಚೆ ಹೋಗಿಬಿಡುವುದಿಲ್ಲ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕುಳಿತಿರುತ್ತೇನೆ.